ಫೈಟರ್ ಮೀನಿಗೆ ಒಂದು ಗಾಜಿನ ಬೌಲ್ ಸಾಕಾ? ಮನೇಲಿ ಬೆಟ್ಟಾ ಸಾಕೋ ಸರಿಯಾದ ಕ್ರಮ

[ದೃಶ್ಯ: ಅಕ್ವೇರಿಯಂ ಅಂಗಡಿಯ ಕಟ್ಟೆ. ಸಾಲಾಗಿ ಪ್ಲಾಸ್ಟಿಕ್ ಕಪ್‌ಗಳು, ಒಂದೊಂದರಲ್ಲೂ ಒಂದೊಂದು ಮೀನು.]

ನಮಸ್ಕಾರ. ಈ ಕಪ್‌ಗಳನ್ನ ನೀವೆಲ್ಲಾ ನೋಡೇ ಇರ್ತೀರಿ. ಅಂಗೈಯಗಲದ ಕಪ್, ಅದರೊಳಗೆ ನೀಲಿನೋ ಕೆಂಪೋ ಬಣ್ಣದ ಒಂದು ಫೈಟರ್ ಮೀನು. ಕೇಳಿದ್ರೆ, "ಇದಕ್ಕೆ ಆಕ್ಸಿಜನ್ ಬೇಡ ಸರ್, ಫಿಲ್ಟರ್ ಬೇಡ, ಒಂದು ಬೌಲ್ ಇದ್ರೆ ಸಾಕು" ಅಂತಾರೆ. ಈ ಮಾತಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜದಿಂದಲೇ ಎಷ್ಟೋ ಮನೆಗಳಲ್ಲಿ ಈ ಮೀನು ತಿಂಗಳು ತುಂಬೋದರೊಳಗೆ ಸಾಯುತ್ತೆ. ಸರಿಯಾಗಿ ನೋಡ್ಕೊಂಡ್ರೆ ಎರಡರಿಂದ ನಾಲ್ಕು ವರ್ಷ ಬದುಕೋ ಮೀನು ಇದು. ಹಾಗಾಗಿ ಇವತ್ತು ಆ ಅರ್ಧ ನಿಜ ಯಾವುದು, ಉಳಿದರ್ಧ ಏನು ಅಂತ ಬಿಡಿಸಿ ನೋಡೋಣ.

[ದೃಶ್ಯ: ಥಾಯ್ಲೆಂಡ್ ನಕ್ಷೆ, ಮಧ್ಯಭಾಗದ ಬಯಲು. ನಂತರ ನೀರು ನಿಂತ ಭತ್ತದ ಗದ್ದೆ.]

ಈ ಫೈಟರ್ ಮೀನಿಗೇ ಬೆಟ್ಟಾ ಅಂತಲೂ ಹೆಸರು. ಇದು ಮೂಲತಃ ಥಾಯ್ಲೆಂಡ್‌ನದು. ಚಾವೊ ಫ್ರಾಯಾ ನದಿಯ ಬಯಲು, ಅಲ್ಲಿನ ಜೌಗು, ಭತ್ತದ ಗದ್ದೆ, ಕಾಲುವೆ, ಇವೇ ಅದರ ಮನೆ. ಅಲ್ಲಿನವರು ಇದನ್ನ ಪ್ಲಾ ಕಾಟ್ ಅಂತ ಕರೀತಾರೆ. ಬೆಟ್ಟಾ ಸ್ಪ್ಲೆಂಡೆನ್ಸ್ ಅನ್ನೋ ವೈಜ್ಞಾನಿಕ ಹೆಸರು ಕೊಟ್ಟಿದ್ದು ಚಾರ್ಲ್ಸ್ ಟೇಟ್ ರೇಗನ್, 1910ರಲ್ಲಿ. 2019ರಲ್ಲಿ ಥಾಯ್ಲೆಂಡ್ ಇದನ್ನ ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸ್ತು. ಇಷ್ಟು ಮರ್ಯಾದೆ ಇರೋ ಮೀನನ್ನ ನಾವು ಪೆನ್ ಸ್ಟ್ಯಾಂಡ್ ಪಕ್ಕ ಇಡೋ ಅಲಂಕಾರದ ಸಾಮಾನು ಮಾಡ್ಕೊಂಡಿದ್ದೀವಿ.

"ಗದ್ದೇಲಿ ಇರೋ ಮೀನು ಅಂದ್ಮೇಲೆ ಸ್ವಲ್ಪ ನೀರು ಸಾಕಲ್ವಾ?" ಅಂತ ಕೇಳೋರಿದ್ದಾರೆ. ಗಂಗಾವತಿ ಕಡೆನೋ ಮಂಡ್ಯದ ಕಡೆನೋ ನಾಟಿ ಹೊತ್ತಲ್ಲಿ ಗದ್ದೆ ನೋಡಿದ್ರೆ ಉತ್ತರ ಸಿಗುತ್ತೆ. ನೀರು ಮೊಣಕಾಲಿಗೂ ಬರಲ್ಲ, ನಿಜ. ಆದರೆ ಬದುವಿಂದ ಬದುವಿಗೆ ಎಷ್ಟು ಅಗಲ ಹರಡಿರುತ್ತೆ! ಆಳ ಕಡಿಮೆ ಇರೋದು ಬೇರೆ, ನೀರೇ ಕಡಿಮೆ ಇರೋದು ಬೇರೆ.

[ದೃಶ್ಯ: ಮೀನು ಮೇಲಕ್ಕೆ ಬಂದು ಗಾಳಿ ನುಂಗೋದು, ನಿಧಾನ ಚಲನೆಯಲ್ಲಿ.]

ಈಗ ಇಲ್ಲಿ ಗಮನಿಸಿ. ಮೀನು ಮೇಲೆ ಬಂತು, ಬಾಯಿ ನೀರಿನಿಂದ ಆಚೆ ಬಂತು, ಒಂದು ಗುಟುಕು ಗಾಳಿ ತಗೊಂಡು ಕೆಳಗಿಳಿತು. ಇದರ ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ, ಮಡಿಕೆ ಮಡಿಕೆಯಾದ ಒಂದು ಅಂಗ ಇದೆ. ಲ್ಯಾಬಿರಿಂತ್ ಅಂತಾರೆ. ಅದರ ತುಂಬಾ ಸಣ್ಣ ಸಣ್ಣ ರಕ್ತನಾಳ. ನುಂಗಿದ ಗಾಳಿಯ ಆಕ್ಸಿಜನ್ ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತೆ. ಬಿಸಿಲಿಗೆ ಕಾದು ಆಕ್ಸಿಜನ್ ಇಳಿದ ಗದ್ದೆ ನೀರಲ್ಲೂ ಬದುಕೋಕೆ ಪ್ರಕೃತಿ ಕೊಟ್ಟ ಅನುಕೂಲ ಇದು.

ಅಂಗಡಿಯವರು ಹೇಳೋ ಅರ್ಧ ನಿಜ ಇದೇ. ಕಪ್‌ನಲ್ಲಿಟ್ಟ ಮೀನು ಉಸಿರುಗಟ್ಟಿ ಸಾಯಲ್ಲ. ಅದು ಸಾಯೋದು ವಿಷದಿಂದ. ಆ ವಿಷ ಹೊರಗಿಂದ ಬಂದಿದ್ದಲ್ಲ, ಅದರದೇ ಗಲೀಜು.

[ದೃಶ್ಯ: ಟೆಸ್ಟ್ ಕಿಟ್‌ನ ಗಾಜಿನ ಕೊಳವೆ. ಹಳದಿ ಇದ್ದ ನೀರು ಹನಿ ಹಾಕಿದ ಮೇಲೆ ಕಡು ಹಸಿರಾಗೋದು.]

ಇಡೀ ವಿಡಿಯೋದಲ್ಲಿ ಒಂದೇ ಭಾಗ ನೋಡ್ತೀನಿ ಅನ್ನೋದಾದ್ರೆ ಇದನ್ನ ನೋಡಿ. ಮೀನು ತನ್ನ ಕಿವಿರಿನಿಂದ ಅಮೋನಿಯಾ ಹೊರಹಾಕ್ತಾನೇ ಇರುತ್ತೆ. ಉಳಿದ ಆಹಾರ ಕೊಳೆತಾಗ, ಹಿಕ್ಕೆ ಕೊಳೆತಾಗ ಇನ್ನಷ್ಟು ಸೇರುತ್ತೆ. ಅಮೋನಿಯಾಕ್ಕೆ ಬಣ್ಣ ಇಲ್ಲ. ನೀರು ಕನ್ನಡಿ ಹಾಗೆ ಹೊಳೀತಿದ್ರೂ ಕಿವಿರು ಸುಡೋವಷ್ಟು ಅಮೋನಿಯಾ ಅದರಲ್ಲಿರಬಹುದು.

ಕೆಲವು ವಾರ ಓಡಿ ಹೊಂದಿಕೊಂಡ ಟ್ಯಾಂಕ್‌ನಲ್ಲಿ ಇದನ್ನ ನೋಡ್ಕೊಳ್ಳೋಕೆ ಬ್ಯಾಕ್ಟೀರಿಯಾ ಇರ್ತವೆ. ಒಂದು ಗುಂಪು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಗುಂಪು ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಸ್ವಲ್ಪ ಇದ್ರೆ ತೊಂದರೆ ಇಲ್ಲ, ವಾರಕ್ಕೊಮ್ಮೆ ನೀರು ಬದಲಾಯಿಸಿದಾಗ ಹೋಗುತ್ತೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ನೀರಲ್ಲಲ್ಲ, ಫಿಲ್ಟರ್‌ನ ಸ್ಪಂಜಲ್ಲಿ, ಕೆಳಗಿನ ಕಲ್ಲು ಮರಳಲ್ಲಿ. ಬೌಲ್‌ಗೆ ಫಿಲ್ಟರೇ ಇಲ್ಲ ಅಂದ್ರೆ ಅವು ಎಲ್ಲಿ ನೆಲೆ ನಿಲ್ಲಬೇಕು?

ಆದ್ದರಿಂದ ಮೊದಲು ಟ್ಯಾಂಕ್, ಆಮೇಲೆ ಮೀನು. ಟ್ಯಾಂಕ್ ತುಂಬಿಸಿ, ಫಿಲ್ಟರ್ ಓಡಿಸಿ, ಮೀನಿಲ್ಲದೆನೇ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ಬನ್ನಿ. ಅದು ಕೊಳೆತು ಅಮೋನಿಯಾ ಏರುತ್ತೆ, ನಂತರ ಅದು ಇಳಿದು ನೈಟ್ರೈಟ್ ಏರುತ್ತೆ, ಕೊನೆಗೆ ಎರಡೂ ಸೊನ್ನೆಗೆ ಬರ್ತವೆ. ಇದು ಗೊತ್ತಾಗೋದು ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್‌ನಿಂದ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸ್ನೇಹಿತರ ಮನೇಲಿ ಚೆನ್ನಾಗಿ ನಡೀತಿರೋ, ರೋಗ ಇಲ್ಲದ ಟ್ಯಾಂಕ್ ಇದ್ರೆ ಅಲ್ಲಿಂದ ಒಂದು ಹಳೇ ಸ್ಪಂಜ್ ತುಂಡು ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ, ಕೆಲಸ ಬೇಗ ಆಗುತ್ತೆ. ಒಣಗೋಕೆ ಬಿಡದೆ, ಆ ಟ್ಯಾಂಕ್ ನೀರಲ್ಲೇ ಮುಳುಗಿಸಿ ತನ್ನಿ.

"ಅಯ್ಯೋ, ಮೀನು ಆಗಲೇ ತಂದಾಗಿದೆ" ಅನ್ನೋರು ಗಾಬರಿ ಆಗ್ಬೇಡಿ. ಇವತ್ತೇ ದೊಡ್ಡ ಟ್ಯಾಂಕ್‌ಗೆ ಬದಲಾಯಿಸಿ, ಫಿಲ್ಟರ್ ಹಾಕಿ, ಊಟ ಕಡಿಮೆ ಮಾಡಿ. ದಿನಾ ಪರೀಕ್ಷೆ ಮಾಡಿ, ಅಮೋನಿಯಾ ಅಥವಾ ನೈಟ್ರೈಟ್ ಕಂಡ ದಿನ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಎರಡೂ ಸೊನ್ನೆಗೆ ನಿಲ್ಲೋವರೆಗೂ ಇದೇ ಕೆಲಸ. ಬೇಸರದ ಕೆಲಸವೇ, ಆದರೆ ಮೀನನ್ನ ಉಳಿಸೋದು ಇದೊಂದೇ.

[ದೃಶ್ಯ: 20 ಲೀಟರ್ ಕುಡಿಯೋ ನೀರಿನ ಕ್ಯಾನ್, ಪಕ್ಕದಲ್ಲಿ ಖಾಲಿ ಗಾಜಿನ ಟ್ಯಾಂಕ್.]

ಎಷ್ಟು ದೊಡ್ಡ ಟ್ಯಾಂಕ್? ಕಡಿಮೆ ಅಂದ್ರೂ 20 ಲೀಟರ್, ಅಂದ್ರೆ ಈ ಒಂದು ಕ್ಯಾನ್ ನೀರು. ಹದಿನಾರು ಇಂಚು ಉದ್ದ, ಹತ್ತು ಅಗಲ, ಹತ್ತು ಎತ್ತರದ ಗಾಜಿನ ಟ್ಯಾಂಕ್ ಮಾಡಿಸಿದ್ರೆ ಮೇಲೆ ಸ್ವಲ್ಪ ಜಾಗ ಬಿಟ್ಟೂ ಅಷ್ಟು ನೀರು ಹಿಡಿಯುತ್ತೆ. ಎತ್ತರದ ಟ್ಯಾಂಕ್ ಬೇಡ. ಉದ್ದ ರೆಕ್ಕೆಯ ಮೀನು ಪ್ರತಿ ಉಸಿರಿಗೂ ಅಷ್ಟೆತ್ತರ ಈಜಿ ಬರಬೇಕಾಗುತ್ತೆ. ಫಿಲ್ಟರ್‌ಗೆ ಏರ್ ಪಂಪ್‌ನಿಂದ ಓಡೋ ಸ್ಪಂಜ್ ಫಿಲ್ಟರ್ ಸಾಕು. ಬೆಲೆಯೂ ಕಡಿಮೆ, ನೀರಿನ ರಭಸವೂ ಕಡಿಮೆ. ಬೆಟ್ಟಾ ನಿಂತ ನೀರಿನ ಮೀನು, ಜೋರಾದ ಹರಿವಲ್ಲಿ ಸುಸ್ತಾಗುತ್ತೆ. ಮುಚ್ಚಳ ಮಾತ್ರ ಮರೀಬೇಡಿ. ಇದು ನೀರಿಂದ ಮೇಲಕ್ಕೆ ಜಿಗಿಯೋ ಮೀನು, ಸಣ್ಣ ಸಂದಿ ಸಿಕ್ರೂ ನೆಲಕ್ಕೆ ಬಿದ್ದಿರುತ್ತೆ.

ಒಳಗೆ ಚೂಪಾದ ಪ್ಲಾಸ್ಟಿಕ್ ಗಿಡ ಹಾಕ್ಬೇಡಿ, ರೆಕ್ಕೆ ಹರಿಯುತ್ತೆ. ಜಾವಾ ಫರ್ನ್, ಅನೂಬಿಯಾಸ್ ತರದ ನಿಜವಾದ ಗಿಡ ಹಾಕಿ. ಇವಕ್ಕೆ ಹೆಚ್ಚು ಬೆಳಕೂ ಬೇಡ. ಅಗಲ ಎಲೆ ಮೇಲೆ ಬೆಟ್ಟಾ ಒರಗಿ ಮಲಗೋದನ್ನ ನೋಡೋದೇ ಒಂದು ಸಂತೋಷ.

[ದೃಶ್ಯ: ನಲ್ಲಿಯಿಂದ ಬಕೆಟ್‌ಗೆ ನೀರು. ಪಕ್ಕದಲ್ಲಿ ಆಂಟಿಕ್ಲೋರಿನ್ ಬಾಟಲಿ.]

ನೀರಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ. ನಮಗದು ರಕ್ಷಣೆ, ಮೀನಿನ ಕಿವಿರಿಗೂ ಫಿಲ್ಟರ್‌ನ ಬ್ಯಾಕ್ಟೀರಿಯಾಗೂ ಶತ್ರು. ಆಂಟಿಕ್ಲೋರಿನ್ ಹಾಕಿ, ಬಾಟಲಿ ಮೇಲೆ ಬರೆದ ಅಳತೆಯಲ್ಲೇ. ಇಲ್ಲಾಂದ್ರೆ ಬಾಯಗಲದ ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟು ಬಳಸಿ.

ಬೋರ್‌ವೆಲ್ ನೀರಾದ್ರೆ ಕ್ಲೋರಿನ್ ಸಮಸ್ಯೆ ಸಾಮಾನ್ಯವಾಗಿ ಇರಲ್ಲ, ಗಡಸುತನದ ಸಮಸ್ಯೆ ಇರುತ್ತೆ. ಗಡಸು ನೀರಲ್ಲಿ ಪಿಹೆಚ್, ಅಂದ್ರೆ ನೀರಿನ ಆಮ್ಲ-ಕ್ಷಾರದ ಅಳತೆ, ಸಾಮಾನ್ಯವಾಗಿ ಹೆಚ್ಚಿರುತ್ತೆ. ಬೆಟ್ಟಾಗೆ ಅದು 6.5ರಿಂದ 7.5 ಇದ್ರೆ ಚೆನ್ನ. ಸ್ವಲ್ಪ ಹೆಚ್ಚಿದ್ರೂ ಹೊಂದಿಕೊಳ್ಳುತ್ತೆ, ಆದರೆ ಒಂದು ಎಚ್ಚರಿಕೆ: ಪಿಹೆಚ್ 7ರಿಂದ 8ಕ್ಕೆ ಏರಿದ್ರೆ, ಇರೋ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು ಆಗುತ್ತೆ. ಬೋರ್ ನೀರಿನವರು ಟೆಸ್ಟ್ ಕಿಟ್ ಇಲ್ಲದೆ ಇರಲೇಬಾರದು ಅಂತ ನಾನು ಒತ್ತಿ ಹೇಳೋದು ಅದಕ್ಕೇ. ಇನ್ನು, ಶುದ್ಧ ಅಂತ ಬರೀ ಆರ್‌ಓ ನೀರು ಸುರೀಬೇಡಿ. ಅದರಲ್ಲಿ ಮೀನಿಗೆ ಬೇಕಾದ ಖನಿಜ ಉಳಿದಿರಲ್ಲ, ಪಿಹೆಚ್ ಕೂಡ ಒಂದೇ ಕಡೆ ನಿಲ್ಲಲ್ಲ. ಗಡಸು ನೀರಿಗೆ ಬೆರೆಸೋಕೆ ಬಳಸಬಹುದು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಪೂರ್ತಿ ಖಾಲಿ ಮಾಡಿ, ಕಲ್ಲೆಲ್ಲಾ ಸೋಪ್ ಹಾಕಿ ಉಜ್ಜಿ ಫಳಫಳ ಮಾಡೋ ಅಭ್ಯಾಸ ಬಿಟ್ಬಿಡಿ. ಸ್ಪಂಜನ್ನೂ ನಲ್ಲಿ ಕೆಳಗೆ ಹಿಡೀಬೇಡಿ. ಟ್ಯಾಂಕ್‌ನಿಂದ ತೆಗೆದ ಹಳೇ ನೀರಲ್ಲೇ ಅದ್ದಿ ಎರಡು ಸಲ ಹಿಂಡಿ, ಸಾಕು.

[ದೃಶ್ಯ: ಫುಟ್‌ಪಾತ್ ಮೇಲೆ ಬಿದ್ದ ದೊಡ್ಡ ಕೆಂಗಂದು ಎಲೆಗಳು, ನಂತರ ಟ್ಯಾಂಕ್‌ನಲ್ಲಿ ತೇಲೋ ಒಂದು ಎಲೆ.]

ಈ ಎಲೆ ನೋಡಿ. ಕಾಡುಬಾದಾಮಿ. ಆನ್‌ಲೈನ್‌ನಲ್ಲಿ ಇದನ್ನ ಪ್ಯಾಕೆಟ್ ಮಾಡಿ ಮಾರ್ತಾರೆ, ನಮ್ಮ ರಸ್ತೆ ಬದೀಲಿ, ಕರಾವಳಿ ಕಡೆ ಅಂಗಳಗಳಲ್ಲಿ ರಾಶಿ ಬಿದ್ದಿರುತ್ತೆ. ತಾನಾಗೇ ಒಣಗಿ ಬಿದ್ದ ಎಲೆನೇ ಬೇಕು, ಹಸಿರೆಲೆ ಬೇಡ. ವಾಹನಗಳ ಹೊಗೆ, ಕೀಟನಾಶಕ ತಾಗದ ಜಾಗದಿಂದ ಆರಿಸಿ, ಚೆನ್ನಾಗಿ ತೊಳೆದು ಒಂದು ಎಲೆ ಹಾಕಿ. ಒಂದೆರಡು ದಿನದಲ್ಲಿ ನೀರು ತಿಳಿ ಟೀ ಬಣ್ಣಕ್ಕೆ ತಿರುಗುತ್ತೆ. ಅದು ಕೊಳೆ ಅಲ್ಲ, ಟ್ಯಾನಿನ್. ಬೆಟ್ಟಾದ ಹುಟ್ಟೂರಿನ ಜೌಗು ನೀರಿಗೂ ಇದೇ ಬಣ್ಣ. ಹಾಗಂತ ಇದು ಸರ್ವರೋಗಕ್ಕೂ ಮದ್ದು ಅನ್ನೋ ಮಾತು ನಂಬಬೇಡಿ. ನೀರು ಬದಲಾಯಿಸೋ ಕೆಲಸವನ್ನ ಎಲೆ ಮಾಡಲ್ಲ.

ಬಿಸಿಯ ವಿಷಯ. ಬೆಟ್ಟಾಗೆ 24ರಿಂದ 28 ಡಿಗ್ರಿ ಬೇಕು. ಮಂಗಳೂರು, ಉಡುಪಿ ಕಡೆ ವರ್ಷದ ಹೆಚ್ಚಿನ ದಿನ ಹೀಟರ್ ಯೋಚನೆ ಇರಲ್ಲ. ಬೆಂಗಳೂರು, ಮೈಸೂರು, ಮಡಿಕೇರಿಯಲ್ಲಿ ಡಿಸೆಂಬರ್ ಜನವರಿ ರಾತ್ರಿಗಳಲ್ಲಿ ಬೇಕೇ ಬೇಕು. ತಣ್ಣಗಾದ ನೀರಲ್ಲಿ ಮೀನು ಮೂಲೆ ಸೇರುತ್ತೆ, ಜೀರ್ಣ ಆಗಲ್ಲ, ರೋಗ ಹತ್ತುತ್ತೆ. 20 ಲೀಟರ್‌ಗೆ 25 ಅಥವಾ 50 ವ್ಯಾಟ್‌ನ, ತಾನೇ ಆಫ್ ಆಗೋ ಹೀಟರ್ ಹಾಕಿ, ಜೊತೆಗೆ ಒಂದು ಥರ್ಮಾಮೀಟರ್. ನೀರಿಗೆ ಕೈ ಹಾಕೋ ಮೊದಲು ಪ್ಲಗ್ ತೆಗೀರಿ. ಕಲಬುರಗಿ, ರಾಯಚೂರಿನವರಿಗೆ ಇದರ ಉಲ್ಟಾ ಕಷ್ಟ. ಬೇಸಿಗೇಲಿ ಮುಚ್ಚಳದ ಬದಲು ಸೊಳ್ಳೆ ಪರದೆಯ ಬಲೆ ಬಿಗಿದು, ನೀರಿನ ಮೇಲೆ ಫ್ಯಾನ್ ಗಾಳಿ ಆಡೋ ಹಾಗೆ ಮಾಡಿ.

[ದೃಶ್ಯ: ಬೆರಳ ತುದಿಯಲ್ಲಿ ನಾಲ್ಕು ಸಣ್ಣ ಕಾಳುಗಳು. ಮೀನಿನ ಮೇಲ್ಮುಖವಾದ ಬಾಯಿ ಹತ್ತಿರದಿಂದ.]

ಊಟ. ಬಾಯಿ ಮೇಲ್ಮುಖವಾಗಿರೋದು ಕಾಣ್ತಿದೆಯಾ? ನೀರಿನ ಮೇಲೆ ಬಿದ್ದ ಹುಳು, ಸೊಳ್ಳೆ ಮರಿ ಹಿಡಿಯೋಕೆ ಅಂತಲೇ ಆ ಆಕಾರ. ಇದು ಮಾಂಸಾಹಾರಿ. ಕೆರೆ ಮೀನಿಗೆ ಹಾಕೋ ಹಾಗೆ ಪುರಿ, ಬ್ರೆಡ್, ಅನ್ನದ ಅಗುಳು ಹಾಕ್ಬೇಡಿ. ಬೆಟ್ಟಾಗೇ ಅಂತ ಬರೋ ಸಣ್ಣ ಪೆಲೆಟ್ ಬೆಳಗ್ಗೆ ಮೂರ್ನಾಲ್ಕು, ಸಂಜೆ ಮೂರ್ನಾಲ್ಕು. ವಾರಕ್ಕೆ ಒಂದೆರಡು ಸಲ ಪೆಲೆಟ್ ಬದಲು ಫ್ರೋಜನ್ ಬ್ಲಡ್‌ವರ್ಮ್ ಅನ್ನೋ ಸಣ್ಣ ಕೆಂಪು ಹುಳು ಅಥವಾ ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿಯಂಥ ಜೀವಿ. ವಾರದಲ್ಲಿ ಒಂದು ದಿನ ಉಪವಾಸ. ನಿಮ್ಮನ್ನ ಕಂಡ ಕೂಡ್ಲೇ ಗಾಜಿನ ಹತ್ತಿರ ಓಡಿ ಬಂದು ಕುಣಿಯುತ್ತೆ, ಹೊಟ್ಟೆ ತುಂಬಿದ್ರೂ ಹಾಗೇ ಮಾಡುತ್ತೆ. ಕರಗಿ ಹೋಗ್ಬೇಡಿ.

ಜೊತೆಗಾರರು? ಎರಡು ಗಂಡು ಯಾವತ್ತೂ ಒಟ್ಟಿಗೆ ಬೇಡ. ಹೆಣ್ಣು ಗಂಡನ್ನ ಜೋಡಿ ಅಂತ ಇಡೋದೂ ಬೇಡ. ಮೊಟ್ಟೆ ಇಟ್ಟ ಮೇಲೆ ಗಂಡು ತಾನೇ ಕಾವಲು ನಿಂತು ಹೆಣ್ಣನ್ನ ಅಟ್ಟಾಡಿಸಿ ಕಚ್ಚುತ್ತೆ. ಒಂಟಿ ಅಂತ ನಮಗೆ ಅನ್ನಿಸೋದು, ಅದಕ್ಕೆ ಅದೇ ನೆಮ್ಮದಿ. ಕನ್ನಡಿ ತೋರಿಸಿ ಕಿವಿರು ಅರಳಿಸೋ ಆಟ ಎಷ್ಟೋ ವಿಡಿಯೋಗಳಲ್ಲಿ ಬರುತ್ತೆ. ಆಗ ಮೀನು ಜಗಳಕ್ಕೆ ನಿಂತಿರುತ್ತೆ, ದಿನವಿಡೀ ಹಾಗೆ ನಿಲ್ಲಿಸೋದು ಹಿಂಸೆ.

ಮೂಲೇಲಿ ನೊರೆ ತರ ಗುಳ್ಳೆ ಕಂಡ್ರೆ ಹೆದರಬೇಡಿ. ಬಾಯಿಂದ ಒಂದೊಂದೇ ಗುಳ್ಳೆ ಬಿಟ್ಟು ಗಂಡು ಕಟ್ಟೋ ಗೂಡು ಅದು, ಮೊಟ್ಟೆ ಇಡೋಕೆ. ಆದರೆ "ಗೂಡು ಕಟ್ತು, ಅಂದ್ರೆ ಖುಷಿಯಾಗಿದೆ" ಅನ್ನೋದು ಸರಿಯಲ್ಲ. ಕೆಟ್ಟ ನೀರಲ್ಲೂ ಕಟ್ಟುತ್ತೆ, ಅದರ ಸ್ವಭಾವ.

[ದೃಶ್ಯ: ಅಂಚು ಕಪ್ಪಾಗಿ ಸವೆದ ರೆಕ್ಕೆ. ಟಾರ್ಚ್ ಬೆಳಕಲ್ಲಿ ಚಿನ್ನದ ಪುಡಿಯಂತೆ ಕಾಣೋ ಮೈ.]

ರೋಗದಲ್ಲಿ ಹೆಚ್ಚು ಕಾಣೋದು ರೆಕ್ಕೆ ಕೊಳೆಯೋದು. ಔಷಧಿಗೆ ಓಡೋ ಮೊದಲು ನೀರು ಪರೀಕ್ಷೆ ಮಾಡಿ. ಬಹಳಷ್ಟು ಸಲ ಶುದ್ಧ ಬೆಚ್ಚನೆ ನೀರಿಗೇ ಅಂಚು ತಿಳಿಯಾಗಿ ಮತ್ತೆ ಚಿಗುರುತ್ತೆ. ಮೈ ಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಕಂಡ್ರೆ ವೆಲ್ವೆಟ್, ಉಪ್ಪಿನ ಹರಳಿನ ಹಾಗೆ ಬಿಳಿ ಚುಕ್ಕೆ ಕಂಡ್ರೆ ಇಕ್. ಇವು ಪರಾವಲಂಬಿ ಜೀವಿಗಳ ಕಾಟ, ಔಷಧಿ ಬೇಕು, ತಡ ಮಾಡಬಾರದು. ಹೊಟ್ಟೆ ಉಬ್ಬಿ ಹುರುಪೆಗಳೆಲ್ಲಾ ನಿಮಿರಿ ನಿಂತ್ರೆ ಅದು ಡ್ರಾಪ್ಸಿ, ಒಳಗಿನ ಅಂಗ ಸೋತ ಲಕ್ಷಣ. ಅಲ್ಲಿಂದ ಉಳಿಸೋದು ತುಂಬಾ ಕಷ್ಟ.

ಕೊನೆಯದಾಗಿ, ಹಬ್ಬಕ್ಕೆ ಊರಿಗೆ ಹೋಗೋ ಪ್ರಶ್ನೆ. ದಸರಾ, ದೀಪಾವಳಿ ಹತ್ತಿರ ಬಂದಾಗ ಬಹಳ ಜನ ಕೇಳೋದು ಇದನ್ನೇ. ಆರೋಗ್ಯವಾಗಿರೋ ದೊಡ್ಡ ಬೆಟ್ಟಾ ನಾಲ್ಕೈದು ದಿನ ಊಟ ಇಲ್ಲದೆ ಆರಾಮಾಗಿರುತ್ತೆ. ಹೊರಡೋ ಹಿಂದಿನ ದಿನ ನೀರು ಬದಲಾಯಿಸಿ, ಫಿಲ್ಟರ್ ಓಡಿಸಿಯೇ ಹೋಗಿ, ಎಲ್ಲದರ ಜೊತೆ ಅದರ ಸ್ವಿಚ್ಚನ್ನೂ ಆರಿಸಿಬಿಡಬೇಡಿ. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿ ಕೊಡ್ಬೇಡಿ. ಪಾಪ, ಪ್ರೀತಿಯಿಂದಲೇ ಹಿಡಿ ತುಂಬಾ ಹಾಕ್ತಾರೆ, ನೀವು ಬರೋ ಹೊತ್ತಿಗೆ ನೀರು ಕೆಟ್ಟಿರುತ್ತೆ. ವಾರಕ್ಕಿಂತ ಹೆಚ್ಚು ದಿನ ಆಗೋದಾದ್ರೆ ಒಂದೊಂದು ಹೊತ್ತಿನ ಕಾಳನ್ನ ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ, ಮೇಲೆ ದಿನ ಬರೆದು ಕೊಡಿ. ಡಬ್ಬಿ ಮಾತ್ರ ನಿಮ್ಮ ಬೀರುವಿನಲ್ಲೇ ಇರಲಿ.