ಕಣ್ಣು ತೋರಿಸಿ, 7,000 ಶಿಲ್ಲಿಂಗ್ ತಗೊಳ್ಳಿ

ನಮಸ್ಕಾರ. ಇವತ್ತಿನ ವಿಷಯ ಕೀನ್ಯಾದ್ದು.

[ದೃಶ್ಯ: ನೈರೋಬಿಯ ಕೆಐಸಿಸಿ ಕಟ್ಟಡ, ಉದ್ದನೆ ಸಾಲು]

2023ರ ಜುಲೈ ಕೊನೆ. ಸಾವಿರಾರು ಜನ ಸಾಲಲ್ಲಿ ನಿಂತಿದ್ದಾರೆ. ಒಳಗೆ ಬೆಳ್ಳಿ ಬಣ್ಣದ ಒಂದು ಗುಂಡು ಯಂತ್ರ ಇದೆ, ಹೆಸರು ಆರ್ಬ್. ಅದರ ಮುಂದೆ ಕಣ್ಣು ಬಿಟ್ಟು ಸ್ವಲ್ಪ ಹೊತ್ತು ನಿಂತರೆ ಸಾಕು, ನಿಮ್ಮ ಐರಿಸ್, ಅಂದರೆ ಕಣ್ಣಿನ ಪಾಪೆ ಸುತ್ತ ಇರುವ ಬಣ್ಣದ ಭಾಗ, ಸ್ಕ್ಯಾನ್ ಮಾಡಿ ಅದರಿಂದ ಒಂದು ಕೋಡ್ ತಯಾರಿಸುತ್ತದೆ. ಬದಲಿಗೆ ಫೋನಿಗೆ 25 ವರ್ಲ್ಡ್‌ಕಾಯಿನ್ ಟೋಕನ್, ಅಂದರೆ ಕ್ರಿಪ್ಟೋ ಅನ್ನುವ ಡಿಜಿಟಲ್ ನಾಣ್ಯ, ಬರುತ್ತದೆ. ಆಗಿನ ಬೆಲೆಗೆ ಹತ್ತಿರತ್ತಿರ 7,000 ಕೀನ್ಯಾ ಶಿಲ್ಲಿಂಗ್, ಅಂದರೆ ಸುಮಾರು 4,000 ರೂಪಾಯಿ.

ವರ್ಲ್ಡ್‌ಕಾಯಿನ್ ಶುರು ಮಾಡಿದವರಲ್ಲಿ ಚಾಟ್‌ಜಿಪಿಟಿಯ ಸ್ಯಾಮ್ ಆಲ್ಟ್‌ಮನ್ ಕೂಡ ಒಬ್ಬರು. ಇಂಟರ್ನೆಟ್‌ನಲ್ಲಿ ಮನುಷ್ಯ ಯಾರು, ಬಾಟ್ (ಮನುಷ್ಯರ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂ) ಯಾವುದು ಅಂತ ಗೊತ್ತಾಗಬೇಕು ಅನ್ನೋದು ಅವರ ವಾದ. ಫೋಟೋ ಅಳಿಸುತ್ತೇವೆ, ಕೋಡ್ ಮಾತ್ರ ಉಳಿಯುತ್ತದೆ ಅಂತಲೂ ಕಂಪನಿ ಹೇಳಿತು. ಆದರೆ ಒಂದು ವಿಷಯ ಗಮನಿಸಿ: ಅಮೆರಿಕದ ಜನರಿಗೆ ಆಗ ಈ ಟೋಕನ್ ಕೊಡಲೇ ಇಲ್ಲ, ಯಾಕಂದರೆ ಅಲ್ಲಿ ಕಾನೂನಿನ ತೊಡಕು ಇತ್ತು.

ಇದು ಸರಿಯಲ್ಲ ಅಂದರೆ, "ಕಣ್ಣು ಅವರದು, ದುಡ್ಡು ಬೇಕಾಗಿರೋದೂ ಅವರಿಗೆ, ಮಧ್ಯೆ ನಿಮ್ಮದೇನು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬಡವರಿಗೆ ತಮ್ಮ ಒಳ್ಳೆಯದು ತಿಳಿಯಲ್ಲ ಅಂತ ನಾನು ಹೇಳುತ್ತಿಲ್ಲ, ಕೆಲಸ ಇಲ್ಲದ ಹುಡುಗ ಲೆಕ್ಕ ಹಾಕಿಯೇ ಆ ಸಾಲಿಗೆ ಬಂದಿರುತ್ತಾನೆ. ಆದರೆ ಒಪ್ಪಿಗೆ ಅಂದಮೇಲೆ ಬೇಡ ಅನ್ನೋಕೂ ಆಗಬೇಕು, ಅಲ್ವಾ? ಮನೆ ಬಾಡಿಗೆ ಬಾಕಿ ಇರುವವನ ಮುಂದೆ ಅಷ್ಟು ದುಡ್ಡು ಇಟ್ಟು, ಫೋನಿನಲ್ಲಿ "ಒಪ್ಪುತ್ತೇನೆ" ಅನ್ನುವ ಬಟನ್ ತೋರಿಸಿದರೆ, ಅವನು ಷರತ್ತು ಓದುತ್ತಾ ಕೂರುತ್ತಾನಾ? ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಐರಿಸ್ ಬದಲಾಯಿಸೋಕೆ ಆಗಲ್ಲ. ಆ ದುಡ್ಡು ಬೇಗ ಖರ್ಚಾಗುತ್ತದೆ, ಕೊಟ್ಟದ್ದು ಮಾತ್ರ ಜೀವನಪೂರ್ತಿ ಇರುವ ಗುರುತು. ನನಗೆ ಸಂಕಟ ಆಗೋದು ಇಲ್ಲೇ.

ಆಗಸ್ಟ್ 2ರಂದು ಕೀನ್ಯಾ ಸರ್ಕಾರ ಇದನ್ನು ತಡೆಯಿತು. ಅಷ್ಟರಲ್ಲಿ 3,50,000ಕ್ಕೂ ಜಾಸ್ತಿ ಜನ ಕಣ್ಣು ಕೊಟ್ಟಾಗಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್, ಆಮಿಷ ತೋರಿಸಿ ಪಡೆದ ಒಪ್ಪಿಗೆ ನಡೆಯಲ್ಲ, 7 ದಿನದೊಳಗೆ ಈ ಡೇಟಾ ಅಳಿಸಿ ಅಂತ ಆದೇಶ ಕೊಟ್ಟಿತು.

ಬ್ರೆಜಿಲ್‌ನ ದತ್ತಾಂಶ ರಕ್ಷಣಾ ಪ್ರಾಧಿಕಾರ 2025ರ ಜನವರಿಯಲ್ಲಿ ಬೇರೆ ದಾರಿ ಹಿಡಿಯಿತು. ಐರಿಸ್ ಕೊಟ್ಟವರಿಗೆ ದುಡ್ಡಾಗಲಿ ಕ್ರಿಪ್ಟೋ ಆಗಲಿ ಕೊಡುವಂತಿಲ್ಲ ಅಂತ ಹೇಳಿತು, ಯಾಕಂದರೆ ಕಷ್ಟದಲ್ಲಿರುವವರ ಒಪ್ಪಿಗೆಯನ್ನು ದುಡ್ಡು ವಾಲಿಸುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ಈ ಗುರುತಿನಿಂದ ಜನರಿಗೆ ಅಷ್ಟು ಉಪಯೋಗ ಇದ್ದರೆ, ದುಡ್ಡಿನ ಮಾತಿಲ್ಲದೆ ಅದನ್ನು ವಿವರಿಸಿ ಜನರನ್ನು ಕರೆಯಲಿ. ನೀವಾಗಿದ್ದರೆ ಹೋಗುತ್ತಿದ್ದಿರಾ? ಕಾಮೆಂಟ್‌ನಲ್ಲಿ ಬರೆಯಿರಿ.