ಹುಡುಗ ಸತ್ತ, ಹಾಡು ಉಳಿಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಹದಿನಾಲ್ಕು, ಹದಿನೈದು ವರ್ಷದ ಮಗನೋ ಮಗಳೋ ಇದ್ದಾರಾ? ಬಾಗಿಲು ಹಾಕಿಕೊಂಡು, ಅಳು ಬರಿಸುವ ಒಂದೇ ಹಾಡನ್ನು ಹತ್ತು ಸಲ ಕೇಳುತ್ತಾರಾ? ಹಾಗಾದರೆ ಈ ಮಾತು ನಿಮಗೇ. ನಾನು ನಲವತ್ತು ವರ್ಷದಿಂದ ಹಳೆ ರೆಕಾರ್ಡ್ ಕೂಡಿಡುತ್ತಾ ಬಂದವಳು. ಇವತ್ತು ಅಮೆರಿಕದ ಒಂದು ಜಾತಿಯ ಹಾಡಿನ ಬಗ್ಗೆ ಹೇಳುತ್ತೇನೆ.

1950ರ ದಶಕದ ಕೊನೆ, 60ರ ಶುರು. ಅಲ್ಲಿನ ಮಕ್ಕಳ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತ್ತು. ಟ್ರಾನ್ಸಿಸ್ಟರ್ ಬಂದಿತ್ತು. ಅಪ್ಪನ ಕಾರಿನ ಕೀಲಿಯೂ ಸಿಗುತ್ತಿತ್ತು. ಆಗ ಹುಟ್ಟಿದ ಹಾಡುಗಳಿವು. ಒಬ್ಬ ಹುಡುಗ, ಒಬ್ಬ ಹುಡುಗಿ, ಪ್ರೀತಿ. ಆಮೇಲೆ ಒಂದು ಕಾರೋ, ಬೈಕೋ, ರೈಲೋ. ಒಬ್ಬರು ಸಾಯುತ್ತಾರೆ, ಉಳಿದವರು ಹಾಡುತ್ತಾರೆ. ಮೂರು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ.

1960ರಲ್ಲಿ ಮಾರ್ಕ್ ಡಿನ್ನಿಂಗ್ ಹಾಡಿದ 'ಟೀನ್ ಏಂಜೆಲ್' ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ರೈಲು ಹಳಿಯ ಮೇಲೆ ಕಾರು ನಿಂತುಬಿಡುತ್ತದೆ. ಹುಡುಗ ಅವಳನ್ನು ಎಳೆದು ಉಳಿಸುತ್ತಾನೆ. ಅವಳು ಮತ್ತೆ ಕಾರಿನ ಕಡೆಗೆ ಓಡುತ್ತಾಳೆ. ಕೊನೆಗೆ ಅವಳ ಮುಷ್ಟಿಯಲ್ಲಿ ಸಿಕ್ಕಿದ್ದು ಅವನು ಕೊಟ್ಟ ಉಂಗುರ, ಅವನ ಹೈಸ್ಕೂಲಿನ ಗುರುತಿನ ಉಂಗುರ. 'ಒಂದು ಉಂಗುರಕ್ಕೆ ಯಾರಾದರೂ ಸಾಯ್ತಾರಾ?' ಅಂತ ದೊಡ್ಡವರು ಕೇಳುತ್ತಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ತಾಳ್ಮೆ ಹೋಗುತ್ತದೆ. ಹದಿನಾರರಲ್ಲಿ ಉಂಗುರ ಸುಮ್ನೆ ಉಂಗುರ ಅಲ್ಲ. ಆ ವಯಸ್ಸಿನ ನೋವನ್ನು ನೋವು ಅಂತ ಒಪ್ಪಿಕೊಂಡದ್ದು ಈ ಹಾಡುಗಳು. ಅದಕ್ಕೇ ಉಳಿದಿವೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ. 'ಲಾಸ್ಟ್ ಕಿಸ್' ಅಂತ ಒಂದು ಹಾಡು. ಜಾರ್ಜಿಯಾದ ವೇಯ್ನ್ ಕೊಕ್ರನ್ 1961ರಲ್ಲಿ ಅದನ್ನು ಹಾಡಿದರು. ಓಡಲಿಲ್ಲ. 1964ರಲ್ಲಿ ಟೆಕ್ಸಾಸ್‌ನ ಜೆ. ಫ್ರಾಂಕ್ ವಿಲ್ಸನ್ ತಮ್ಮ ತಂಡದ ಜೊತೆ ಅದನ್ನೇ ಹಾಡಿದರು. ಸೀದಾ ಎರಡನೇ ಸ್ಥಾನ! ಅಪ್ಪನ ಕಾರು ತಗೊಂಡು ಇಬ್ಬರು ಹೊರಟಿದ್ದಾರೆ. ಮುಂದೆ ರಸ್ತೆಯಲ್ಲಿ ಕೆಟ್ಟು ನಿಂತ ಕಾರು. ಹುಡುಗನಿಗೆ ಎಚ್ಚರವಾದಾಗ ಮಳೆ ಸುರಿಯುತ್ತಿದೆ, ಸುತ್ತ ಜನ ನಿಂತಿದ್ದಾರೆ. ಎಷ್ಟು ಸಲ ಕೇಳಿದರೂ ಆ ಮಳೆಯ ಹತ್ತಿರ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

ವರ್ಷಗಳು ಉರುಳಿದವು. ಸಿಯಾಟಲ್‌ನಲ್ಲಿ ಪರ್ಲ್ ಜ್ಯಾಮ್ ಅಂತ ಒಂದು ಅಬ್ಬರದ ರಾಕ್ ತಂಡ. ಅದರ ಗಾಯಕ ಎಡ್ಡಿ ವೆಡ್ಡರ್‌ಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಈ ಪ್ಲೇಟು ಸಿಕ್ಕಿತು. ಕಾರ್ಯಕ್ರಮಕ್ಕೆ ಮುಂಚೆ ಮೈಕು ಸರಿ ಮಾಡಿಕೊಳ್ಳುವ ಹೊತ್ತಿನಲ್ಲಿ ಹಾಡಿ ರೆಕಾರ್ಡ್ ಮಾಡಿಕೊಂಡರು. 1998ರ ಕ್ರಿಸ್‌ಮಸ್‌ಗೆ ತಮ್ಮ ಅಭಿಮಾನಿಗಳಿಗೆ ಉಡುಗೊರೆಯಾಗಿ ಕಳಿಸಿದರು. ಮಾರಾಟಕ್ಕೆ ಅಲ್ಲ. ಆದರೆ ರೇಡಿಯೋದವರು ಅದನ್ನು ಹಾಕತೊಡಗಿದರು. ಕೇಳಿದವರು ಇನ್ನೊಮ್ಮೆ ಹಾಕಿ ಅಂದರು. 1999ರಲ್ಲಿ ಅಂಗಡಿಗೆ ಬಂತು, ಬಂದ ಹಣ ಯುರೋಪಿನ ಕೊಸೊವೊದಲ್ಲಿ ಯುದ್ಧದಿಂದ ಮನೆ ಕಳೆದುಕೊಂಡ ನಿರಾಶ್ರಿತರಿಗೆ ಹೋಯಿತು. ಎಷ್ಟನೇ ಸ್ಥಾನ ಗೊತ್ತಾ? ಮತ್ತೆ ಎರಡು! 35 ವರ್ಷ ಕಳೆದಿತ್ತು. ಆ ತಂಡದ ಬೇರೆ ಯಾವ ಹಾಡೂ ಅಷ್ಟು ಮೇಲೆ ಹೋಗಿಲ್ಲ. ಕಾರು ಬದಲಾಗಿತ್ತು, ಕೂದಲು ಬಾಚುವ ರೀತಿ ಬದಲಾಗಿತ್ತು. ಹದಿನಾರರ ನೋವು ಬದಲಾಗಿರಲಿಲ್ಲ.

ಕಥೆ ಜಾಸ್ತಿ ಆಯಿತು, ಉಳಿದದ್ದು ಬೇಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 'ಟೆಲ್ ಲಾರಾ ಐ ಲವ್ ಹರ್' ಹಾಡನ್ನು ಡೆಕ್ಕಾ ಕಂಪನಿ ಬಿಡುಗಡೆ ಮಾಡಲೇ ಇಲ್ಲ. ಕೀಳು ಅಭಿರುಚಿ ಅಂದರು. 1960ರಲ್ಲೇ ರಿಕ್ಕಿ ವ್ಯಾಲನ್ಸ್ ಅದನ್ನು ಬೇರೆ ಕಂಪನಿಗೆ ಹಾಡಿದರು, ಮಕ್ಕಳು ಕೊಂಡು ಮೊದಲ ಸ್ಥಾನಕ್ಕೆ ಏರಿಸಿದರು. ಮಕ್ಕಳ ನೋವಿಗೆ ದೊಡ್ಡವರು ಬಾಗಿಲು ಹಾಕಿದರೆ ಹೀಗೇ ಅಲ್ವಾ?

ಕೊನೆಯದಾಗಿ 'ಲೀಡರ್ ಆಫ್ ದ ಪ್ಯಾಕ್'. 1964ರಲ್ಲಿ ನ್ಯೂಯಾರ್ಕಿನ ಶಾಂಗ್ರಿ-ಲಾಸ್ ಹುಡುಗಿಯರು ಹಾಡಿದ್ದು. ಮುಖ್ಯ ದನಿ ಮೇರಿ ವೈಸ್ ಅವರದು, ಆಗ ಅವರಿಗೆ 15 ವರ್ಷ. ಆ ಹುಡುಗನನ್ನು ಬಿಟ್ಟುಬಿಡು ಅನ್ನುತ್ತಾನೆ ಹುಡುಗಿಯ ಅಪ್ಪ. ಅವಳು ಬಿಡುತ್ತಾಳೆ. ಹುಡುಗ ಮಳೆಯಲ್ಲಿ ಬೈಕ್ ಹತ್ತಿ ಹೊರಡುತ್ತಾನೆ. ಬೈಕಿನ ಸದ್ದು ಹಾಡಿನೊಳಗೇ ಇದೆ, ಕಿವಿಗೊಟ್ಟು ಕೇಳಿ. ಬ್ರಿಟನ್ನಿನ ಪಟ್ಟಿಗೆ ಈ ಹಾಡು 1965ರಲ್ಲಿ ಬಂತು, 1972ರಲ್ಲಿ ಮತ್ತೆ ಬಂತು, 1976ರಲ್ಲಿ ಮತ್ತೆ. ಆ ಮೂರನೇ ಸಲ ಅಂಗಡಿಗೆ ಹೋಗಿ ಕೊಂಡು ತಂದ ಹದಿನೈದರ ಹುಡುಗಿಗೆ, ಹಾಡು ಹುಟ್ಟಿದಾಗ ಬರೀ ಮೂರು ವರ್ಷ.

ನಮಸ್ಕಾರ.