ಮಾಳಿಗೆಯ ಮೇಲಿನ ಏಳು ಟನ್

ಕೇಳುಗರಿಗೆ ನಮಸ್ಕಾರ.

1993ರ ಸೆಪ್ಟೆಂಬರ್ 30. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದ ರಾತ್ರಿ. ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ನಮ್ಮ ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಆ ಬೆಳಗಿನ ಜಾವ ಇನ್ನೂ ನೆನಪಿದ್ದೀತು. ಭೂಕಂಪದ ಪ್ರಮಾಣ 6.2. ಸತ್ತವರು ಸುಮಾರು 10 ಸಾವಿರ.

2011ರ ಫೆಬ್ರುವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಭೂಕಂಪವಾಯಿತು. ಅದೂ ಆಳದಲ್ಲಿ ಹುಟ್ಟಿದ್ದಲ್ಲ. ಮಧ್ಯಾಹ್ನದ ಹೊತ್ತು, ಕಚೇರಿ ಅಂಗಡಿಗಳಲ್ಲಿ ಜನ ತುಂಬಿದ್ದರು. ಅಲ್ಲಿ ಸತ್ತವರು 185 ಮಂದಿ. ಅವರಲ್ಲಿ 115 ಜನ ಕುಸಿದುಬಿದ್ದ ಒಂದೇ ಒಂದು ಕಟ್ಟಡದಲ್ಲಿದ್ದವರು.

ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ಇವತ್ತಿನ ಮಾತೆಲ್ಲ ಇದೆ. ನೆಲ ನಡುಗುವುದು ಅಪಾಯ. ಅದನ್ನು ತಡೆಯುವುದು ನಮ್ಮ ಕೈಲಿಲ್ಲ. ಆ ಅಪಾಯ ಬಂದೆರಗುವ ಜಾಗದಲ್ಲಿ ಎಷ್ಟು ಜನರಿದ್ದಾರೆ, ಎಂಥ ಸೂರಿನ ಕೆಳಗೆ ಮಲಗಿದ್ದಾರೆ ಎಂಬುದನ್ನೂ ಸೇರಿಸಿ ನೋಡಿದರೆ ಹಾನಿಯ ಸಂಭವ ಎಷ್ಟೆಂದು ಗೊತ್ತಾಗುತ್ತದೆ. ಹಾನಿ ಊರಿನವರ ಕೈಮೀರಿ, ಹೊರಗಿನ ನೆರವಿಲ್ಲದೆ ಏಳಲಾರದ ಸ್ಥಿತಿ ಬಂದರೆ ಅದು ವಿಪತ್ತು. ನರಪಿಳ್ಳೆಯಿಲ್ಲದ ಮರಳುಗಾಡಿನಲ್ಲಿ 7ರ ಭೂಕಂಪವಾದರೂ ವಿಪತ್ತೇನೂ ಅಲ್ಲ, ಯಂತ್ರದಲ್ಲಿ ಮೂಡಿದ ಗೆರೆ, ಅಷ್ಟೇ.

ಕಿಲ್ಲಾರಿಯ ಮನೆಗಳು ನಮ್ಮ ಕಡೆಯವರಿಗೆ ಹೊಸವಲ್ಲ. ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಗೆ ಒಂದಿಷ್ಟು ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವವರು ಕಡಿಮೆ. ಅಪ್ಪ ಹಾಕಿದ್ದರ ಮೇಲೆ ಮಗ ಹಾಕಿ, ಅದು ಒಂದೂವರೆ ಅಡಿಗೆ ಬಂದು ನಿಲ್ಲುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಅಷ್ಟು ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು 7 ಟನ್. ಬೇಸಿಗೆಯಲ್ಲಿ ತಂಪು ಕೊಡುವುದೂ ಅದೇ ಮಣ್ಣು, ಇಲ್ಲವೆನ್ನುವಂತಿಲ್ಲ.

ಇನ್ನು ಗೋಡೆ. ಎರಡಡಿ, ಮೂರಡಿ ದಪ್ಪ. ನೋಡಿದರೆ ಕೋಟೆಯಂತೆ ಗಟ್ಟಿ ಅನ್ನಿಸುತ್ತದೆ. ಬಿಚ್ಚಿ ನೋಡಿದರೆ ಒಳಗೊಂದು ಕಲ್ಲಿನ ಸಾಲು, ಹೊರಗೊಂದು ಸಾಲು, ನಡುವೆ ಸಣ್ಣ ಕಲ್ಲು ಮತ್ತು ಕೆಸರು. ಎರಡು ಸಾಲುಗಳನ್ನು ಹಿಡಿದು ಕಟ್ಟುವ ಉದ್ದನೆಯ ಕಲ್ಲು ಇರುವುದಿಲ್ಲ. ಅಂಥ ಗೋಡೆ ಅಡ್ಡಡ್ಡ ಅಲುಗಿದಾಗ ನಡುವಿನ ಮಣ್ಣು ಕೆಳಗಿಳಿಯುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಕಲ್ಲುಗಳು ಉದುರುತ್ತವೆ. ಎಷ್ಟೋ ಮನೆಗಳಲ್ಲಿ ಮರದ ಕಂಬಗಳು ನಿಂತೇ ಇದ್ದವು, ಪಕ್ಕದ ಗೋಡೆಗಳು ನೆಲಸಮವಾಗಿದ್ದವು.

ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ. ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ನಮ್ಮದು ದಖ್ಖನ್, ಗಟ್ಟಿ ನೆಲ ಎಂಬ ಮಾತನ್ನು ನಾವು ಮಾತ್ರ ಇನ್ನೂ ಬಿಟ್ಟಿಲ್ಲ. ಭಾರತದ ಭೂಫಲಕ, ಅಂದರೆ ನಮ್ಮನ್ನು ಹೊತ್ತಿರುವ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯವನ್ನು ಎತ್ತಿದ ಈ ಒತ್ತಡ ನಮ್ಮ ಕಾಲ ಕೆಳಗಿನ ಬಂಡೆಗೂ ತಟ್ಟುತ್ತದೆ. ಆಳದಲ್ಲಿ ಎಲ್ಲೋ ಹಳೆಯ ಬಿರುಕಿದ್ದರೆ, ಒಂದು ದಿನ ಅದು ತಾಳಲಾರದೆ ಜಾರುತ್ತದೆ.

ಸುದ್ದಿಯಲ್ಲಿ ಕೇಳುವ 6.2 ಅನ್ನುವುದು ಹೊಮ್ಮಿದ ಶಕ್ತಿಯ ಅಳತೆ. ಅಂಕಿ ಒಂದು ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ನಿಮ್ಮೂರಲ್ಲಿ ಎಷ್ಟು ಅಲುಗಿತು ಎಂಬುದು ಬೇರೆಯೇ ಸಂಗತಿ. ಈಗ ನನ್ನ ದನಿಯನ್ನು ಬಿತ್ತರಿಸುತ್ತಿರುವ ಕೇಂದ್ರದ ಶಕ್ತಿ ಒಂದೇ, ಆದರೆ ಅದು ಒಬ್ಬರ ರೇಡಿಯೊದಲ್ಲಿ ಸ್ಪಷ್ಟ, ಇನ್ನೊಬ್ಬರಲ್ಲಿ ಗೊರಗೊರ. ಇದೂ ಹಾಗೆ. ದೂರ, ಆಳ, ಕೆಳಗಿರುವುದು ಬಂಡೆಯೋ ಸಡಿಲ ಮಣ್ಣೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನೆಲದೊಳಗಿನ ಸದ್ದಿಗೆ ಹೆದರಿ ಮನೆಯ ಹೊರಗೆ ಮಲಗಿದರು. ಭೂಕಂಪ ಮೇಲ್ಪದರದಲ್ಲೇ ಆದಾಗ ಮೊದಲು ಬರುವ ವೇಗದ ಅಲೆಗಳು ಗಾಳಿಗೆ ದಾಟಿ ಗುಡುಗಿನಂತೆ ಕೇಳುತ್ತವೆ. ಸಣ್ಣ ಕಂಪನಗಳ ಹಿಂದೆ ದೊಡ್ಡದು ಬಂದೇ ಬರುತ್ತದೆಂದೇನಿಲ್ಲ, ಹೆಚ್ಚಿನ ಸಲ ಬರುವುದಿಲ್ಲ. ಆದರೆ ಕಿಲ್ಲಾರಿಯಲ್ಲಿ 1992ರಲ್ಲಿ ಹೀಗೇ ಸಣ್ಣ ಕಂಪನಗಳಾಗಿ, ಮರುವರ್ಷ ದೊಡ್ಡದೇ ಬಂತು. ಇಂಥ ದಿನ, ಇಂಥ ಗಳಿಗೆ ಎಂದು ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ವಾಟ್ಸ್‌ಆ್ಯಪಿನಲ್ಲಿ ಹೇಳುವವರನ್ನು ನಂಬಬೇಡಿ.

ಪಟ್ಟಣದವರು ಮಣ್ಣಿನ ಮಾಳಿಗೆಯ ಮಾತು ನಮಗಲ್ಲ ಎಂದು ರೇಡಿಯೊ ಆರಿಸಬೇಡಿ. 2001ರ ಜನವರಿ 26ರಂದು ಗುಜರಾತಿನ ಭುಜ್ ಕಡೆ ಭೂಕಂಪವಾದಾಗ 200 ಕಿಲೊಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಬಿದ್ದವು. ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ನಡುವೆ ಪಾರ್ಕಿಂಗ್, ಮೇಲೆ ಮನೆಗಳು. ಬೆಂಗಳೂರು, ಹುಬ್ಬಳ್ಳಿಯ ಯಾವ ಬಡಾವಣೆಯಲ್ಲಿ ಅಂಥವಿಲ್ಲ? ಮನೆ ಕಟ್ಟಿಸುತ್ತಿದ್ದರೆ ಕಾಂಕ್ರೀಟ್ ಸುರಿಯುವ ಮುಂಚೆ ಕಂಬದ ಕಬ್ಬಿಣವನ್ನೊಮ್ಮೆ ನೋಡಿ. ಉದ್ದ ಸರಳುಗಳನ್ನು ಸುತ್ತಿರುವ ರಿಂಗಿನ ಎರಡೂ ತುದಿಗಳು ಒಳಕ್ಕೆ, ಕಂಬದ ನಡುಭಾಗಕ್ಕೆ ಬಾಗಿರಬೇಕು. ಬರೀ ಮೂಲೆಗೆ ಮಡಿಸಿ ಬಿಟ್ಟ ರಿಂಗು ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಸ್ತ್ರಿ ಗೊಣಗಿದರೆ ಗೊಣಗಲಿ.

ಮಾಳಿಗೆ ಮನೆಯವರು ಮುಂದಿನ ಮಳೆಗಾಲಕ್ಕೆ ಹೊಸ ಮಣ್ಣು ಹಾಕುವ ಬದಲು ಹಳೆಯದನ್ನು ಇಳಿಸಿ. ಮುಕ್ಕಾಲು ಅಡಿಯೊಳಗೆ ಮಣ್ಣು ಉಳಿಸಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರುವುದೂ ನಿಲ್ಲುತ್ತದೆ. ಇಳಿಸುವಾಗ ಒಂದೇ ಕಡೆ ರಾಶಿ ಹಾಕಬೇಡಿ, ಜಂತಿಗಳು ಗೆದ್ದಲು ತಿಂದಿವೆಯೇ ಎಂದು ಮೊದಲು ಕೆಳಗಿನಿಂದ ನೋಡಿಕೊಳ್ಳಿ. ಗೋಡೆ ಆಗಲೇ ಹೊಟ್ಟೆ ಬಿಟ್ಟಿದ್ದರೆ ತಿಳಿದ ಎಂಜಿನಿಯರನ್ನು ಕರೆದು ತೋರಿಸಿ, ಅಲ್ಲಿಯವರೆಗೆ ಮಕ್ಕಳ ಹಾಸಿಗೆಯನ್ನು ಆ ಗೋಡೆಯ ಬದಿಯಿಂದ ಸರಿಸಿ.

ನಮಸ್ಕಾರ.